ಮನೆಗೆ ಯಾವ ಬ್ರಾಡ್‌ಬ್ಯಾಂಡ್ ಒಳ್ಳೆಯದು? ಕಂಪನಿಯ ಹೆಸರಿಗಿಂತ ಮೊದಲು ನಿಮ್ಮ ಓಣಿಯ ಕಂಬ ನೋಡಿ

ಪ್ರಶ್ನೆ: ವಿಜಯಪುರದ ಜೋರಾಪುರ ಪೇಟೆಯಲ್ಲಿ ನಮ್ಮದು ಹಳೆಯ ಕಲ್ಲುಗೋಡೆಯ ಮನೆ. ಮೇಲೆ ಒಂದು ಮಹಡಿ ಕಟ್ಟಿಸಿದ್ದೇವೆ. ಕೇಬಲ್ ಟಿ.ವಿ.ಯವರಿಂದಲೇ 100 ಎಂಬಿಪಿಎಸ್‌ನ ಇಂಟರ್‌ನೆಟ್ ಸಂಪರ್ಕ ಪಡೆದಿದ್ದೇವೆ. ಮಗ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾನೆ, ಮಗಳು ನೀಟ್ ತರಬೇತಿಯನ್ನು ಆನ್‌ಲೈನ್‌ನಲ್ಲಿ ಪಡೆಯುತ್ತಿದ್ದಾಳೆ. ಸಂಜೆ ಏಳು ಗಂಟೆಯಾದರೆ ಪಾಠ ನಿಂತು ನಿಂತು ಬರುತ್ತದೆ. ಮಹಡಿಯ ಕೋಣೆಯಲ್ಲಿ ಹಗಲಿನಲ್ಲೂ ಅದೇ ಗತಿ. ಮಳೆ, ಗಾಳಿ ಬಂದರೆ ಪೂರ್ತಿ ಬಂದ್. ದೂರು ಕೊಟ್ಟರೆ ‘ನಮ್ಮ ಕಡೆ ಎಲ್ಲ ಸರಿ ಇದೆ’ ಎನ್ನುತ್ತಾರೆ. ಪಕ್ಕದ ಮನೆಯವರು ಬಿಎಸ್‌ಎನ್‌ಎಲ್ ಫೈಬರ್ ಹಾಕಿಸಿ ಎನ್ನುತ್ತಾರೆ. ಸಂಬಂಧಿಕರು ಜಿಯೊ ಅಥವಾ ಏರ್‌ಟೆಲ್ ಎನ್ನುತ್ತಾರೆ. ಮೊಬೈಲ್ ಅಂಗಡಿಯವರು ತಂತಿಯೇ ಬೇಡ, ಏರ್‌ಫೈಬರ್ ಸಾಕು ಎನ್ನುತ್ತಾರೆ. ಮಗನದು 300 ಎಂಬಿಪಿಎಸ್ ತೆಗೆದುಕೊಳ್ಳಬೇಕೆಂಬ ಹಟ. ವರ್ಷದ ಹಣ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಇದೆಯಂತೆ. ಕಟ್ಟಿದ ಮೇಲೆ ಇದೇ ಪಾಡಾದರೆ ಏನು ಮಾಡುವುದು? ಇವರಲ್ಲಿ ಯಾರು ಒಳ್ಳೆಯವರು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಮಕ್ಕಳ ಓದು, ಕೆಲಸ ಕೆಡುತ್ತಿದೆ ಎಂಬುದು ಒಂದು. ವರ್ಷದ ಹಣ ಕೊಟ್ಟು ಮತ್ತೆ ಸಿಕ್ಕಿಹಾಕಿಕೊಳ್ಳುತ್ತೇವೇನೋ ಎಂಬುದು ಇನ್ನೊಂದು. ಎರಡೂ ನ್ಯಾಯವಾದ ಚಿಂತೆಗಳೇ. ಆದರೆ ‘ಯಾರು ಒಳ್ಳೆಯವರು’ ಎಂಬ ಪ್ರಶ್ನೆಗೆ ಇಡೀ ಊರಿಗೆ ಅನ್ವಯಿಸುವ ಒಂದೇ ಉತ್ತರ ಇಲ್ಲ. ಸೊಲ್ಲಾಪುರ ರಸ್ತೆಯಲ್ಲಿ ಯಾವ ತಕರಾರೂ ಇಲ್ಲದೆ ನಡೆಯುವ ಕಂಪನಿಯೇ ಪೇಟೆಯ ಒಳಗಿನ ಓಣಿಯಲ್ಲಿ ಜನರನ್ನು ಗೋಳಾಡಿಸುವುದನ್ನು ಈ ಕೆಲಸದಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ನಿಮ್ಮ ಅನುಭವವನ್ನು ನಿರ್ಧರಿಸುವುದು ಮೂರು ಸಂಗತಿಗಳು: ಕಂಬದಿಂದ ಮನೆಗೆ ಬರುವ ತಂತಿ, ಅದು ಕೆಟ್ಟಾಗ ಬಂದು ಸರಿಪಡಿಸುವ ಮನುಷ್ಯ, ಮನೆಯೊಳಗಿನ ವೈಫೈ. ಬಿಲ್ಲಿನ ಮೇಲಿನ ಹೆಸರು ಅದರ ನಂತರದ ಮಾತು.

ಸಂಜೆಯ ನಿಧಾನ, ಮಹಡಿಯ ನಿಧಾನ, ಮಳೆಗೆ ಬಂದ್. ಈ ಮೂರನ್ನೂ ನೀವು ಒಂದೇ ತೊಂದರೆ ಎಂದು ಬರೆದಿದ್ದೀರಿ. ಇವು ಮೂರು ಬೇರೆ ಬೇರೆ ಕಾಯಿಲೆಗಳು. ಕಂಪನಿ ಬದಲಿಸಿದರೆ ಮೊದಲನೆಯದು ಮತ್ತು ಮೂರನೆಯದು ಹೋಗಬಹುದು. ಎರಡನೆಯದು ಹೋಗುವುದಿಲ್ಲ, ಹೊಸ ಕಂಪನಿಯ ಹೆಸರಿನಲ್ಲಿ ಮುಂದುವರಿಯುತ್ತದೆ. ಆದ್ದರಿಂದ ಹಣ ಕಟ್ಟುವ ಮುಂಚೆ ಒಂದೆರಡು ದಿನ ಪರೀಕ್ಷೆ ಮಾಡಿ.

ಮಗನ ಲ್ಯಾಪ್‌ಟಾಪನ್ನು ರೂಟರ್ ಪಕ್ಕಕ್ಕೆ ತಂದು ಲ್ಯಾನ್ ಕೇಬಲ್‌ನಿಂದ ನೇರವಾಗಿ ಜೋಡಿಸಿ. ಮನೆಯ ಉಳಿದ ಮೊಬೈಲ್‌ಗಳ ಮತ್ತು ಟಿ.ವಿ.ಯ ವೈಫೈ ಆರಿಸಿ. ಬೆಳಿಗ್ಗೆ ಆರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ವೇಗ ಅಳೆಯಿರಿ. ಅಳೆಯುವ ತಾಣಗಳು ಸಾಮಾನ್ಯವಾಗಿ ಹತ್ತಿರದ ಸರ್ವರನ್ನು ತಾವೇ ಆರಿಸಿಕೊಳ್ಳುತ್ತವೆ. ಕೆಲವೊಮ್ಮೆ ಅದು ನಿಮ್ಮ ಕಂಪನಿಯ ಜಾಲದೊಳಗೇ ಇರುತ್ತದೆ, ಆಗ ಸಂಖ್ಯೆ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ಅದಕ್ಕಾಗಿ ಬೆಂಗಳೂರಿನದೋ ಮುಂಬೈಯದೋ ಸರ್ವರನ್ನು ನೀವೇ ಆರಿಸಿ. ಡೌನ್‌ಲೋಡ್ ಒಂದೇ ಅಲ್ಲ, ಅಪ್‌ಲೋಡ್ ಮತ್ತು ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ) ಕೂಡ ಬರೆದಿಟ್ಟುಕೊಳ್ಳಿ. ಆಮೇಲೆ ಅದೇ ಲ್ಯಾಪ್‌ಟಾಪನ್ನು ತಂತಿ ಇಲ್ಲದೆ ಮಹಡಿಗೆ ಒಯ್ದು ಮತ್ತೊಮ್ಮೆ ಅಳೆಯಿರಿ.

ಬೆಳಿಗ್ಗೆ ತಂತಿಯಲ್ಲಿ 90ಕ್ಕಿಂತ ಹೆಚ್ಚು ಬಂದು ರಾತ್ರಿ 15-20ಕ್ಕೆ ಇಳಿದರೆ ದೋಷ ನಿಮ್ಮ ಮನೆಯದಲ್ಲ, ತಂತಿಯದೂ ಅಲ್ಲ. ನಿಮ್ಮ ಕೇಬಲ್‌ನವರು ಮೇಲಿನ ದೊಡ್ಡ ಕಂಪನಿಯಿಂದ ಕೊಳ್ಳುವ ಇಂಟರ್‌ನೆಟ್‌ನ ಒಟ್ಟು ಸಾಮರ್ಥ್ಯ ಅವರ ಗ್ರಾಹಕರ ಸಂಖ್ಯೆಗೆ ಸಾಲುತ್ತಿಲ್ಲ. ಊರೆಲ್ಲ ಒಟ್ಟಿಗೆ ಟಿ.ವಿ. ಮುಂದೆ ಕೂರುವ ಹೊತ್ತಿಗೆ ಅದು ತುಂಬಿಹೋಗುತ್ತದೆ. ಬೆಳಿಗ್ಗೆಯೂ ರಾತ್ರಿಯೂ ಒಂದೇ ಸಮನೆ ಕಡಿಮೆ ಬಂದರೆ ತಂತಿಯಲ್ಲೋ ರೂಟರ್ ಪೆಟ್ಟಿಗೆಯಲ್ಲೋ ದೋಷವಿದೆ. ತಂತಿಯಲ್ಲಿ ಚೆನ್ನಾಗಿ ಬಂದು ಮಹಡಿಯಲ್ಲಿ ಮಾತ್ರ ಕುಸಿದರೆ ಅದು ವೈಫೈ. ಈ ಸಂಖ್ಯೆಗಳನ್ನು ಸಮಯದೊಂದಿಗೆ ಫೋಟೊ ತೆಗೆದಿಟ್ಟುಕೊಳ್ಳಿ. ‘ನಮ್ಮ ಕಡೆ ಸರಿ ಇದೆ’ ಎನ್ನುವವರ ಮುಂದೆ ಇಡಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಇನ್ನು ಮಗನ 300 ಎಂಬಿಪಿಎಸ್ ವಿಚಾರ. ವೇಗ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ನಾನು ಅತಿ ಹೆಚ್ಚು ಕೇಳುವ ತಪ್ಪು ತಿಳಿವಳಿಕೆ. ಪೂರ್ಣ ಎಚ್‌ಡಿ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳುವುದು 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 15. ಹತ್ತಾರು ಜನರ ವಿಡಿಯೊ ಸಭೆಗೆ ಹೋಗಲು, ಬರಲು ಮೂರು ನಾಲ್ಕು ಸಾಕು. ಟಿ.ವಿ., ಮಗನ ಸಭೆ, ಮಗಳ ಪಾಠ ಮೂರೂ ಒಟ್ಟಿಗೆ ನಡೆದರೂ 30ರ ಒಳಗೇ ಮುಗಿಯುತ್ತದೆ. ನಿಜವಾಗಿ ಸಿಗುವ 100 ನಿಮ್ಮ ಮನೆಗೆ ಧಾರಾಳ. ಸಂಜೆ 20ಕ್ಕೆ ಇಳಿಯುವ ಜಾಲದಲ್ಲಿ 300ರ ಯೋಜನೆ ಕೊಂಡರೆ ಬಿಲ್ಲು ಏರುತ್ತದೆ, ಸಂಜೆ ಹಾಗೆಯೇ ಉಳಿಯುತ್ತದೆ. ಪಾಠ ನಿಲ್ಲುವುದಕ್ಕೆ ಕಾರಣ ಹೆಚ್ಚಾಗಿ ವೇಗದ ಕೊರತೆಯಲ್ಲ. ಪಿಂಗ್ ಒಮ್ಮೆ 20 ಮಿಲಿಸೆಕೆಂಡ್, ಮರುಕ್ಷಣ 300 ಎಂದು ಕುಣಿಯುವುದು, ನಡುವೆ ದತ್ತಾಂಶದ ತುಣುಕುಗಳು ಕಳೆದುಹೋಗುವುದು. ಸಿನಿಮಾ ಆದರೆ ಮುಂಚಿತವಾಗಿ ತುಂಬಿಕೊಂಡು ಹೇಗೋ ಓಡುತ್ತದೆ. ನೇರ ಪಾಠಕ್ಕೆ ಆ ಅವಕಾಶ ಇಲ್ಲ, ಮೇಷ್ಟ್ರು ಹೇಳಿದ ವಾಕ್ಯ ಹೋಯಿತೆಂದರೆ ಹೋಯಿತು. ನೀಟ್‌ನಂಥ ಪರೀಕ್ಷೆಗೆ ಓದುವ ಹುಡುಗಿಯ ಪಾಠ ಹೀಗೆ ತುಂಡಾಗುವುದನ್ನು ಸಣ್ಣ ತೊಂದರೆ ಎಂದು ನಾನು ಎಣಿಸುವುದಿಲ್ಲ.

ಮೊಬೈಲ್‌ನಲ್ಲಿ ಫೈಲ್ ಇಳಿಯುವಾಗ ಸೆಕೆಂಡಿಗೆ 12 ಎಂಬಿ ಎಂದು ತೋರಿಸಿದರೆ ಮೋಸವಾಯಿತು ಎಂದುಕೊಳ್ಳಬೇಡಿ. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್.

ಮಳೆಗೆ ಬಂದ್ ಆಗುವ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಂಪನಿಯ ಆಯ್ಕೆಯಲ್ಲಿ ನಿಜವಾದ ವ್ಯತ್ಯಾಸ ಇರುವುದು ಇಲ್ಲೇ. ನಿಮ್ಮ ಮನೆಯೊಳಗೆ ಬರುವ ತಂತಿಯ ತುದಿಯನ್ನು ನೋಡಿ. ಹೊರಗಿನಿಂದ ಬಂದ ದುಂಡನೆಯ ತಂತಿಯ ತುದಿಯಲ್ಲಿ ಟೆಲಿಫೋನ್ ಪಿನ್ನಿಗಿಂತ ಸ್ವಲ್ಪ ಅಗಲವಾದ, ಪಾರದರ್ಶಕ ಪ್ಲಾಸ್ಟಿಕ್ ಕ್ಲಿಪ್ ಇದ್ದು ಅದು ನೇರ ರೂಟರ್‌ಗೆ ಹೋಗುತ್ತಿದ್ದರೆ ನಿಮ್ಮದು ತಾಮ್ರದ ಲ್ಯಾನ್ ತಂತಿ. ಕಂಬದವರೆಗೆ ಫೈಬರ್, ಅಂದರೆ ಗಾಜಿನ ಎಳೆ, ಬಂದಿರಬಹುದು, ಅಲ್ಲಿಂದ ಮನೆಗೆ ತಾಮ್ರ. ಕಂಬದ ಮೇಲಿನ ಡಬ್ಬಿಯಲ್ಲಿ ವಿದ್ಯುತ್ತಿನಿಂದ ನಡೆಯುವ ಸ್ವಿಚ್ ಇರುತ್ತದೆ. ಗಾಳಿ ಮಳೆಗೆ ಹೆಸ್ಕಾಂನ ವಿದ್ಯುತ್ ಲೈನ್ ಹೋಯಿತೋ, ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ ಕಂಬದ ಸ್ವಿಚ್ ಸತ್ತು ಇಡೀ ಓಣಿಯ ಇಂಟರ್‌ನೆಟ್ ಹೋಗುತ್ತದೆ. ಸಿಡಿಲು ಹೊಡೆದರೆ ತಾಮ್ರದ ಗುಂಟ ಬಂದ ವಿದ್ಯುತ್ ರೂಟರ್‌ನ ಪೋರ್ಟನ್ನೇ ಸುಡುತ್ತದೆ. ಬೇಸಿಗೆಯ ಕೊನೆಯ ಗುಡುಗು ಮಳೆಯ ನಂತರ ಈ ಭಾಗದಲ್ಲಿ ರಿಪೇರಿಗೆ ಬರುವ ರೂಟರ್‌ಗಳ ಕಥೆ ಹೆಚ್ಚಾಗಿ ಇದೇ.

ಅದರ ಬದಲು ತೆಳ್ಳಗಿನ ಕಪ್ಪು ತಂತಿ ಬಂದು, ಹಸಿರು ಅಥವಾ ನೀಲಿ ಬಣ್ಣದ ಚೌಕ ಪಿನ್ನಿನಿಂದ ‘ಪಾನ್’ (PON), ‘ಲಾಸ್’ (LOS) ಎಂಬ ದೀಪಗಳಿರುವ ಪೆಟ್ಟಿಗೆಗೆ ಸೇರಿದ್ದರೆ ಅದು ಮನೆಯವರೆಗಿನ ಫೈಬರ್. ಅದರಲ್ಲಿ ಓಡುವುದು ಬೆಳಕು. ಕಂಬದ ಮೇಲೆ ಇರುವುದು ಬೆಳಕನ್ನು ಹಂಚುವ ಗಾಜಿನ ಸ್ಪ್ಲಿಟರ್ ಮಾತ್ರ, ಅದಕ್ಕೆ ವಿದ್ಯುತ್ತೇ ಬೇಡ. ಕಂಪನಿಯ ಕೇಂದ್ರದಲ್ಲಿ ಮತ್ತು ನಿಮ್ಮ ಮನೆಯಲ್ಲಿ ಕರೆಂಟ್ ಇದ್ದರೆ ಆಯಿತು. ಮನೆಯ ಪೆಟ್ಟಿಗೆ ಸಾಮಾನ್ಯವಾಗಿ 12 ವೋಲ್ಟ್‌ನದು. ಅದಕ್ಕೆಂದೇ ಸಿಗುವ ಸಣ್ಣ ಯುಪಿಎಸ್ ಹಾಕಿದರೆ ಕೆಲವು ಗಂಟೆ ಆರಾಮವಾಗಿ ನಡೆಯುತ್ತದೆ.

ಹಾಗೆಂದು ಫೈಬರ್ ಎಂದ ಕೂಡಲೇ ನಿಶ್ಚಿಂತೆ ಎಂದಲ್ಲ. ಒಂದು ಮನೆಯಲ್ಲಿ ವಾರಗಟ್ಟಲೆ ಸಂಪರ್ಕ ಬಂದು ಹೋಗುತ್ತಿತ್ತು, ಪೆಟ್ಟಿಗೆಯನ್ನು ಆಗಲೇ ಬದಲಿಸಿಯೂ ಆಗಿತ್ತು. ಬೆಳಕಿನ ಶಕ್ತಿ ಅಳೆಯುವ ಮೀಟರ್ ಹಚ್ಚಿದರೆ ಮೈನಸ್ 29 ಡಿಬಿಎಂ ತೋರಿಸಿತು. ಮೈನಸ್ 27ಕ್ಕಿಂತ ಕೆಳಗಿಳಿದರೆ ಪೆಟ್ಟಿಗೆಗೆ ಬೆಳಕು ಸರಿಯಾಗಿ ಕಾಣುವುದಿಲ್ಲ. ತಂತಿಯ ಗುಂಟ ನೋಡುತ್ತಾ ಹೋದಾಗ ಕಿಟಕಿಯ ಬಳಿ ಅದನ್ನು ಮೊಳೆಗೆ ಬಿಗಿಯಾಗಿ ಸುತ್ತಿದ್ದು ಸಿಕ್ಕಿತು. ಗಾಜಿನ ಎಳೆ ಅಷ್ಟು ಚೂಪಾಗಿ ಬಾಗಿದರೆ ಬೆಳಕು ಅಲ್ಲೇ ಹೊರಗೆ ಸೋರುತ್ತದೆ. ಸುತ್ತು ಬಿಚ್ಚಿ ಸಡಿಲವಾದ ದೊಡ್ಡ ಬಳೆಯಾಗಿ ಮಾಡಿದ ಕೂಡಲೇ ಮೈನಸ್ 21ಕ್ಕೆ ಬಂದಿತು. ಹೊಸ ಸಂಪರ್ಕ ಕೊಡಲು ಬಂದವರಿಗೆ ಈ ಅಳತೆ ತೋರಿಸಲು ಹೇಳಿ, ನಿಮ್ಮೆದುರೇ ಬರೆದಿಟ್ಟುಕೊಳ್ಳಿ. ಮೈನಸ್ 15ರಿಂದ 24ರ ನಡುವೆ ಇದ್ದರೆ ಸಮಾಧಾನ. ಮುಂದೆ ಎಂದಾದರೂ ‘ಲಾಸ್’ ದೀಪ ಕೆಂಪಗೆ ಮಿನುಗಿದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ಆಗ ರೂಟರ್ ಆರಿಸಿ ಹಚ್ಚುತ್ತಾ ಕೂರಬೇಡಿ, ನೇರವಾಗಿ ದೂರು ಕೊಡಿ.

ಈಗ ಆಯ್ಕೆಗಳಿಗೆ ಬರೋಣ. ಬಿಎಸ್‌ಎನ್‌ಎಲ್, ಜಿಯೊ, ಏರ್‌ಟೆಲ್ ಮೂವರ ಮನೆ ಫೈಬರ್‌ನ ತಂತ್ರಜ್ಞಾನ ಮೂಲತಃ ಒಂದೇ ಬಗೆಯದು. ವ್ಯಾಪಕವಾಗಿ ಬಳಕೆಯಲ್ಲಿರುವ ಜಿಪಾನ್ ಪದ್ಧತಿಯಲ್ಲಿ ಒಂದು ಎಳೆಯ ಸುಮಾರು 2.5 ಗಿಗಾಬಿಟ್ ಸಾಮರ್ಥ್ಯವನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಎಲ್ಲರೂ ಒಂದೇ ಕ್ಷಣಕ್ಕೆ ಪೂರ್ತಿ ಎಳೆಯುವುದಿಲ್ಲವಾದ್ದರಿಂದ ಇದು ಸಾಕಾಗುತ್ತದೆ. ಸರ್ಕಾರದ್ದು ನಿಧಾನ, ಖಾಸಗಿಯದು ವೇಗ ಎಂಬ ಮಾತಿಗೆ ಫೈಬರ್‌ನಲ್ಲಿ ಆಧಾರವಿಲ್ಲ. ಆ ಹೆಸರು ಬಂದಿದ್ದು ಹಳೆಯ ತಾಮ್ರದ ದೂರವಾಣಿ ತಂತಿಯ ಕಾಲದಲ್ಲಿ. ಅದರಲ್ಲಿ ಎಕ್ಸ್‌ಚೇಂಜ್‌ನಿಂದ ದೂರ ಹೋದಷ್ಟೂ ವೇಗ ಕುಸಿಯುತ್ತಿತ್ತು. ಆದರೆ ಸೇವೆಯಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಬಿಎಸ್‌ಎನ್‌ಎಲ್ ಫೈಬರನ್ನು ಬಹಳ ಕಡೆ ಮನೆಗೆ ತಲುಪಿಸಿ ನೋಡಿಕೊಳ್ಳುವವರು ಆದಾಯ ಹಂಚಿಕೆಯ ಸ್ಥಳೀಯ ಪಾಲುದಾರರು. ಪಾಲುದಾರ ಚುರುಕಾಗಿದ್ದರೆ ಸಂಜೆಯೊಳಗೆ ಕೆಲಸ ಆಗುತ್ತದೆ. ಇಲ್ಲದಿದ್ದರೆ ಅವರು ಕಚೇರಿಯತ್ತ, ಕಚೇರಿಯವರು ಅವರತ್ತ ಕೈ ತೋರಿಸುತ್ತಾರೆ. ಖಾಸಗಿ ಕಂಪನಿಗಳಲ್ಲೂ ಕೊನೆಗೆ ಕಂಬ ಹತ್ತುವವರು ಹೆಚ್ಚಾಗಿ ಗುತ್ತಿಗೆಯ ಹುಡುಗರೇ. ಸುಡು ಬಿಸಿಲಿನಲ್ಲಿ, ಮಳೆಯಲ್ಲಿ ಅವರು ಮಾಡುವ ಕೆಲಸಕ್ಕೆ ಗೌರವ ಕೊಡಿ. ಅವರ ಸಂಖ್ಯೆ ಸಾಲದಿರುವುದು ಅವರ ತಪ್ಪಲ್ಲ.

ಆದ್ದರಿಂದ ಹೋಲಿಕೆಯನ್ನು ಜಾಹೀರಾತಿನಲ್ಲಿ ಮಾಡಬೇಡಿ, ಓಣಿಯಲ್ಲಿ ಮಾಡಿ. ನಿಮ್ಮದೇ ಸಾಲಿನಲ್ಲಿ ಆಯಾ ಕಂಪನಿಯ ಸಂಪರ್ಕ ಇರುವವರ ಮನೆಗೆ ಹೋಗಿ, ಕಳೆದ ಸಲ ತಂತಿ ತುಂಡಾದಾಗ ಎಷ್ಟು ಹೊತ್ತಿಗೆ ಬಂದರು, ಯಾರು ಬಂದರು, ರಾತ್ರಿ ಒಂಬತ್ತಕ್ಕೆ ಹೇಗಿರುತ್ತದೆ ಎಂದು ಕೇಳಿ. ಒಪ್ಪಿದರೆ ಅಲ್ಲೇ ವೇಗ ಅಳೆದು ನೋಡಿ. ಕಂಪನಿಯವರಿಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯೂ ಇದೆ: ವಿಜಯಪುರಕ್ಕೆ ನಿಮ್ಮ ಫೈಬರ್ ಒಂದೇ ದಾರಿಯಿಂದ ಬರುತ್ತದೆಯೋ ಎರಡು ದಿಕ್ಕಿನಿಂದಲೋ? ಹೆದ್ದಾರಿ ಬದಿಯಲ್ಲಿ ಜೆಸಿಬಿ ತಾಗಿ ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ನಡೆಯಬೇಕು. ಅಗೆಯುವ ಮುಂಚೆ ತಿಳಿಸಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ರಸ್ತೆ, ಒಳಚರಂಡಿ ಕೆಲಸದ ಗುತ್ತಿಗೆದಾರರು ಅದನ್ನು ತಪ್ಪದೆ ಬಳಸಿದರೆ ನಮ್ಮ ಅರ್ಧ ಗೋಳು ತಪ್ಪೀತು.

ಏರ್‌ಫೈಬರ್ ಬೇರೆ ಬಗೆಯದು. ಏರ್‌ಟೆಲ್ ಇದನ್ನು 2023ರ ಆಗಸ್ಟ್‌ನಲ್ಲಿ, ಜಿಯೊ ಸೆಪ್ಟೆಂಬರ್‌ನಲ್ಲಿ ಆರಂಭಿಸಿದವು. ಇದರಲ್ಲಿ ಮನೆಗೆ ಬರುವುದು ಗಾಜಿನ ಎಳೆಯಲ್ಲ, 5ಜಿ ಗೋಪುರದ ರೇಡಿಯೊ ಅಲೆ. ಕಂಬದ ಗೊಡವೆ ಇಲ್ಲ, ತಂತಿ ತುಂಡಾಗುವ ಭಯವಿಲ್ಲ, ಬೇಗ ಹಾಕುತ್ತಾರೆ. ಇವೆಲ್ಲ ನಿಜವಾದ ಅನುಕೂಲಗಳು. ಫೈಬರ್ ತಲುಪದ ಬಡಾವಣೆಗೆ, ಹೊಲದ ಮನೆಗೆ ನಾನೇ ಇದನ್ನು ಸೂಚಿಸುತ್ತೇನೆ. ಆದರೆ ಅದೇ ಗೋಪುರವನ್ನು ಸುತ್ತಲಿನ ಮೊಬೈಲ್‌ಗಳೂ ಹಂಚಿಕೊಳ್ಳುತ್ತವೆ. ಸಂಜೆಯ ಏರಿಳಿತ, ಪಿಂಗ್‌ನ ಕುಣಿತ ಫೈಬರ್‌ಗಿಂತ ಹೆಚ್ಚು. ಅಪ್‌ಲೋಡ್ ಸಾಮಾನ್ಯವಾಗಿ ಕಡಿಮೆ. ತಿಂಗಳ ಮಿತಿಯೂ ಕಡಿಮೆ: ಫೈಬರ್‌ನ ‘ಅನಿಯಮಿತ’ ಯೋಜನೆಗಳಲ್ಲಿ ಹೆಚ್ಚಾಗಿ 3,300 ಜಿಬಿ ಇದ್ದರೆ ಇಲ್ಲಿ 1,000 ಜಿಬಿಯ ಆಸುಪಾಸು. ನೇರ ಪಾಠ ಮತ್ತು ಕಚೇರಿ ಸಭೆ ಮುಖ್ಯವಾಗಿರುವ ನಿಮ್ಮ ಮನೆಗೆ ಓಣಿಯಲ್ಲಿ ಫೈಬರ್ ಸಿಗುವಾಗ ಏರ್‌ಫೈಬರನ್ನು ಮೊದಲ ಆಯ್ಕೆ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಈಗಿನ ಕೇಬಲ್‌ನವರನ್ನೇ ಉಳಿಸಿಕೊಳ್ಳುವುದೂ ಒಂದು ದಾರಿ. ಮನೆಯವರೆಗೆ ಫೈಬರ್ ಎಳೆದುಕೊಡಿ, ಸಂಜೆಯ ವೇಗ ಸರಿಪಡಿಸಿ ಎಂದು ಫೋಟೊ ತೋರಿಸಿ ಕೇಳಿ ನೋಡಿ. ಒಳ್ಳೆಯ ಸ್ಥಳೀಯ ಆಪರೇಟರ್ ಫೋನ್ ಮಾಡಿದ ಗಂಟೆಯೊಳಗೆ ಸೈಕಲ್ ಮೋಟಾರಿನಲ್ಲಿ ಬಂದು ನಿಲ್ಲುತ್ತಾರೆ, ಆ ಸೇವೆಯನ್ನು ಯಾವ ದೊಡ್ಡ ಕಂಪನಿಯೂ ಕೊಡಲಾರದು. ನಿಮ್ಮವರು ಹಾಗಿಲ್ಲ ಎಂಬುದು ನಿಮ್ಮ ಪತ್ರದಿಂದಲೇ ಕಾಣುತ್ತದೆ. ಕೇಳಿದ ಮೇಲೂ ಕದಲದಿದ್ದರೆ ಬಿಟ್ಟುಬಿಡಿ.

ಮಹಡಿಯ ತೊಂದರೆಗೆ ಮದ್ದು ಮನೆಯಲ್ಲೇ ಇದೆ. 5 ಗಿಗಾಹರ್ಟ್ಸ್ ವೈಫೈ ವೇಗದ್ದು, ಆದರೆ ದಪ್ಪ ಕಲ್ಲುಗೋಡೆಯನ್ನೂ ಮಧ್ಯದ ಆರ್‌ಸಿಸಿಯನ್ನೂ ದಾಟಲಾರದು. 2.4 ಗಿಗಾಹರ್ಟ್ಸ್ ಅಷ್ಟಿಷ್ಟು ದಾಟುತ್ತದೆ, ಆದರೆ ನಿಧಾನ. ಅಕ್ಕಪಕ್ಕದ ಮನೆಗಳ ವೈಫೈ ಎಲ್ಲ ಅದರಲ್ಲೇ ಗದ್ದಲ ಮಾಡುತ್ತಿರುತ್ತವೆ. ಹೆಚ್ಚು ಆ್ಯಂಟೆನಾಗಳ ರೂಟರ್ ತಂದರೂ ಕಲ್ಲು ಕರಗುವುದಿಲ್ಲ. ಗೋಡೆಯ ವಿದ್ಯುತ್ ಸಾಕೆಟ್‌ಗೆ ಹಾಕುವ ಸಿಗ್ನಲ್ ವರ್ಧಕವೂ ನಿಮಗೆ ಬೇಡ, ಅದು ಕೆಟ್ಟ ಸಿಗ್ನಲನ್ನೇ ಮುಂದೆ ದಾಟಿಸುತ್ತದೆ. ಕೆಳಗಿನ ರೂಟರ್‌ನಿಂದ ಮಹಡಿಗೆ ಒಂದು ಕ್ಯಾಟ್-6 ಲ್ಯಾನ್ ತಂತಿಯನ್ನು ಪೈಪಿನೊಳಗೆ ಎಳೆಸಿ, ಮೇಲೆ ಇನ್ನೊಂದು ರೂಟರನ್ನು ಆ್ಯಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದದ್ದನ್ನು ವೈಫೈ ಆಗಿ ಹರಡುವ ಸಾಧನ) ಆಗಿ ಹಾಕಿಸಿ. ಮಗನ ಕಚೇರಿ ಲ್ಯಾಪ್‌ಟಾಪ್‌ಗೆ ಅಲ್ಲಿಂದ ನೇರ ತಂತಿಯನ್ನೇ ಕೊಡಿ. ಇದು ಒಂದೇ ಸಲದ ಖರ್ಚು. ನಾಳೆ ಕಂಪನಿ ಬದಲಾದರೂ ಉಪಯೋಗಕ್ಕೆ ಬರುತ್ತದೆ.

ಹಣದ ಮಾತು. ಜಾಹೀರಾತಿನಲ್ಲಿ 699 ಎಂದಿದ್ದರೆ ಶೇ 18ರ ಜಿಎಸ್‌ಟಿ ಸೇರಿ ಬಿಲ್ಲು 825 ಆಗುತ್ತದೆ. ವರ್ಷದ ಯೋಜನೆಯ ರಿಯಾಯಿತಿ ನಿಜವೇ. ಆದರೆ ನಿಮ್ಮ ಕೈಯಲ್ಲಿರುವ ಒಂದೇ ಅಸ್ತ್ರವೆಂದರೆ ಮುಂದಿನ ತಿಂಗಳು ಹಣ ಕಟ್ಟದೇ ಬಿಡುವ ಸ್ವಾತಂತ್ರ್ಯ. ವರ್ಷದ ಹಣ ಕೊಟ್ಟರೆ ಅದನ್ನು ಬಿಟ್ಟುಕೊಟ್ಟ ಹಾಗೆ. ಮೊದಲು ತಿಂಗಳ ಲೆಕ್ಕದಲ್ಲಿ ಪಡೆಯಿರಿ, ಒಂದು ಮಳೆಗಾಲ ನೋಡಿ, ಆಮೇಲೆ ಬೇಕಿದ್ದರೆ ದೀರ್ಘಾವಧಿಗೆ ಹೋಗಿ. ಜೋಡಣೆ ಶುಲ್ಕ ಉಳಿಸಲು ವರ್ಷದ ಯೋಜನೆಗೆ ಒಪ್ಪುವುದು ಹೆಚ್ಚಾಗಿ ನಷ್ಟದ ವ್ಯಾಪಾರ.

ದೂರನ್ನು ಬಾಯಿಮಾತಿನಲ್ಲಿ ಅಥವಾ ಲೈನ್‌ಮನ್‌ನ ವಾಟ್ಸ್‌ಆ್ಯಪ್‌ಗೆ ಮಾತ್ರ ಹಾಕಿ ಬಿಡಬೇಡಿ. ಕಂಪನಿಯ ದೂರು ಕೇಂದ್ರಕ್ಕೆ ಹೇಳಿ, ಡಾಕೆಟ್ ಸಂಖ್ಯೆ (ದೂರು ದಾಖಲಾದ ಸಂಖ್ಯೆ) ಪಡೆಯಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮದಂತೆ ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಎರಡು ಹಂತಗಳಿವೆ. ದೂರು ಕೇಂದ್ರದಿಂದ ಪರಿಹಾರ ಸಿಗದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಹೋಗಬಹುದು, ಅವರು 39 ದಿನಗಳಲ್ಲಿ ತೀರ್ಮಾನಿಸಬೇಕು. ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ತಾನೇ ವಿಚಾರಿಸುವುದಿಲ್ಲ, ಅಲ್ಲಿಗೆ ಬರೆದು ಕಾಯಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ದೂರಸಂಪರ್ಕ ವ್ಯಾಜ್ಯ ಗ್ರಾಹಕರ ವೇದಿಕೆಗೆ ಬರುವುದಿಲ್ಲ ಎಂದು ಕಂಪನಿಯವರು ಹೇಳಿದರೆ ನಂಬಬೇಡಿ, ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕೇಬಲ್‌ನವರ ವಿಷಯದಲ್ಲಿ ಮೊದಲು ಬಿಲ್ಲು ಕೇಳಿ, ಅದರಲ್ಲಿ ಯಾವ ಪರವಾನಗಿದಾರ ಕಂಪನಿಯ ಹೆಸರಿದೆ ನೋಡಿ. ಬಿಲ್ಲೇ ಕೊಡದವರಿಂದ ಸಂಪರ್ಕ ಪಡೆಯಬೇಡಿ.

ಒಟ್ಟಿನಲ್ಲಿ ನಿಮ್ಮ ಮನೆಗೆ ನನ್ನ ಸಲಹೆ ಇದು: ಓಣಿಯಲ್ಲಿ ವಿಚಾರಿಸಿ, ಬೇಗ ಬಂದು ರಿಪೇರಿ ಮಾಡುವವರ, ಮನೆಯವರೆಗಿನ ಫೈಬರ್‌ನ 100 ಎಂಬಿಪಿಎಸ್ ಯೋಜನೆ, ತಿಂಗಳ ಲೆಕ್ಕದಲ್ಲಿ. ಪೆಟ್ಟಿಗೆಗೆ ಸಣ್ಣ ಯುಪಿಎಸ್, ಮಹಡಿಗೆ ಲ್ಯಾನ್ ತಂತಿ. ಆಪತ್ತಿಗೆಂದು ಮಗನ ಮೊಬೈಲ್‌ನಲ್ಲಿ ಬೇರೆ ಕಂಪನಿಯ ಸಿಮ್ ಇರಲಿ. ಎರಡನೆಯ ತಂತಿ ಹಾಕಿಸಿದರೆ ಅದೂ ಬಹುಶಃ ಅದೇ ಕಂಬದಿಂದಲೇ ಬರುತ್ತದೆ, ಕಂಬ ಬಿದ್ದರೆ ಎರಡೂ ಹೋಗುತ್ತವೆ. ಹಾಟ್‌ಸ್ಪಾಟ್ ಹಾಗಲ್ಲ. ಹೊಸದು ಒಂದು ತಿಂಗಳು ಸರಿಯಾಗಿ ನಡೆಯುವವರೆಗೆ ಹಳೆಯ ಸಂಪರ್ಕ ತೆಗೆಸಬೇಡಿ. ತೆಗೆಸುವಾಗ ಅವರ ರೂಟರ್ ಮರಳಿಸಿದ್ದಕ್ಕೆ ಸಹಿ ಹಾಕಿದ ರಸೀದಿ ಪಡೆದು, ಠೇವಣಿ ವಾಪಸ್ ಬರುವವರೆಗೆ ಅದನ್ನು ಜೋಪಾನವಾಗಿಡಿ.